ಪದಚರ್ಚೆ: ‘ಚುಚ್ಚುಮದ್ದಿನ ನೋವು’ ಅಂದರೆ ಸೂಜಿಯದೋ, ಮದ್ದಿನದೋ?

ಎಲ್ಲರಿಗೂ ನಮಸ್ಕಾರ.

ಆಪರೇಶನ್‌ಗೆ ಮುಂಚೆ ರೋಗಿಗಳ ಕೈಗೆ ಕೊಡುವ ಒಂದು ಹಾಳೆ ಬರೆಯುತ್ತಿದ್ದೇನೆ. ಅರಿವಳಿಕೆ ಕೊಡುವಾಗ ಆಗುವ ನೋವನ್ನು ಹೇಗೆ ಕಮ್ಮಿ ಮಾಡುತ್ತಾರೆ ಅಂತ ಅದರಲ್ಲಿ ನಾಲ್ಕು ಸಾಲು ಬರಬೇಕು. ಪದ ಕೈಕೊಡುತ್ತಿರುವುದು ಅಲ್ಲೇ.

ಪೂರ್ತಿ ಎಚ್ಚರ ತಪ್ಪಿಸಲು ಹೆಚ್ಚಾಗಿ ಕೊಡುವುದು ಪ್ರೊಪೋಫಾಲ್. ಸೋಯಾ ಎಣ್ಣೆ ಬೆರೆತಿರುವುದರಿಂದ ನೋಡಲು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಕೈಯ ಹಿಂಬದಿಯ ಸಣ್ಣ ರಕ್ತನಾಳಕ್ಕೆ ಇದು ಹೋದಾಗ ಮುಂಗೈಯುದ್ದಕ್ಕೂ ಉರಿ ಏರುತ್ತದೆ. ಏನೂ ಮುಂಜಾಗ್ರತೆ ಮಾಡದಿದ್ದರೆ ಸುಮಾರು 60% ಜನರಿಗೆ ಹೀಗಾಗುತ್ತದೆ. ಸೂಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಸೂಜಿ ಚುಚ್ಚಿ, ಕ್ಯಾನುಲಾ (ಮದ್ದು ಹೋಗುವ ಸಣ್ಣ ಕೊಳವೆ) ಕೂರಿಸಿ ಆಗಲೇ ಹೊತ್ತಾಗಿರುತ್ತದೆ.

‘ಚುಚ್ಚುಮದ್ದಿನ ನೋವು’ ಅಂತ ಬರೆದರೆ ಓದುವವರು ಸೂಜಿ ಅಂತಲೇ ತಿಳಿಯುತ್ತಾರೆ, ಅಲ್ವಾ? ಚುಚ್ಚಿದ್ದಾಯ್ತು, ಇನ್ನೇನಿಲ್ಲ ಅಂದುಕೊಂಡಾಗ ಕೈ ಉರಿದರೆ ಗಾಬರಿ ಜಾಸ್ತಿ. ನನಗೆ ಹೊಳೆದದ್ದು ‘ಮದ್ದು ಏರುವಾಗಿನ ಉರಿ’. ಗ್ಲೂಕೋಸ್ ‘ಏರಿಸುವುದು’ ಎಲ್ಲರ ಬಾಯಲ್ಲೂ ಇದೆ. ಆದರೆ ಕೆಲವರಿಗೆ ಉರಿಗಿಂತ ಸೆಳೆತವೇ ಹೆಚ್ಚು. ಎರಡಕ್ಕೂ ಹೊಂದುವ ಒಂದು ಪದ ಇದೆಯೇ, ಅಥವಾ ಸುಮ್ನೆ ‘ನೋವು’ ಸಾಕೇ?

ಇನ್ನೊಂದು ತೊಡಕು ‘ನರ’. ಕೈಯಲ್ಲಿ ನರ ಸಿಗುತ್ತಿಲ್ಲ ಅಂತಲೇ ಜನ ಹೇಳುವುದು. ಆದರೆ ‘ನರ ಉರಿಯುತ್ತದೆ’ ಅಂತ ಅಚ್ಚು ಹಾಕಿದರೆ ನರದೌರ್ಬಲ್ಯ, ಲಕ್ವ ಅಂತೆಲ್ಲ ತಲೆಗೆ ಬರುತ್ತದೆ. ‘ಅಭಿಧಮನಿ’ ಯಾರಿಗೂ ಅರ್ಥವಾಗದು. ಸದ್ಯಕ್ಕೆ ‘ರಕ್ತನಾಳ’ ಇಟ್ಟಿದ್ದೇನೆ. (ಜನರಲ್ ಅನಸ್ತೇಶಿಯಾಗೆ ಬಳಸುವ ‘ಸಾಮಾನ್ಯ ಅರಿವಳಿಕೆ’ಯನ್ನೂ ಬಿಟ್ಟೆ. ಅದೇನೋ ಮಾಮೂಲಿ ಅರಿವಳಿಕೆ ಅನ್ನಿಸುತ್ತದೆ. ‘ಪೂರ್ಣ ಅರಿವಳಿಕೆ’ ವಾಸಿ.)

ಈಗಿನ ಕರಡು ಹೀಗಿದೆ:

“ನಿದ್ದೆ ಬರಿಸುವ ಮದ್ದು ಏರುವಾಗ ಕೈ ಕೆಲವು ಕ್ಷಣ ಉರಿಯಬಹುದು. ಇದನ್ನು ತಗ್ಗಿಸಲು ಮೊಣಕೈ ಮಡಿಕೆಯ ದಪ್ಪ ರಕ್ತನಾಳಕ್ಕೆ ಮದ್ದು ಕೊಡಬಹುದು. ಇಲ್ಲವೇ ತೋಳಿಗೆ ಪಟ್ಟಿ ಬಿಗಿದು, ಮೊದಲು ಲಿಗ್ನೋಕೇನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ಸಡಿಲಿಸಿ, ಆಮೇಲೆ ನಿದ್ದೆಯ ಮದ್ದು ಕೊಡಬಹುದು. ಉರಿದರೆ ಕೈ ಎಳೆದುಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ.”

ಲಿಗ್ನೋಕೇನ್ ಪಕ್ಕದಲ್ಲಿ ‘ಮರಗಟ್ಟಿಸುವ ಮದ್ದು’ ಅಂತ ಸೇರಿಸಲೇ? ‘ಜೋಮು ಹಿಡಿಸುವ’ ಅನ್ನುವವರೂ ಇದ್ದಾರೆ. ನಿಮ್ಮ ಕಡೆ ಯಾವುದು ಬಳಕೆಯಲ್ಲಿದೆ, ತಿಳಿಸಿ.