ತೊಗರಿ ಹೊಲದ ಬದುವಿನ ತುಂಬೆಯಲ್ಲಿ ಕಾಳು ಕಡಿಮೆ: ಬೇರೆ ಗಿಡಗಳ ಪರಾಗ ಕಾರಣವಿರಬಹುದೇ?

ಪ್ರಶ್ನೆ: ಶಿಕ್ಷಕ, ಚಿತ್ತಾಪುರ ತಾಲೂಕು

ಎಲ್ಲರಿಗೂ ಶರಣು. ನಾನು ಕಲಬುರಗಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ತೊಗರಿ ಹೊಲದ ಬದುವಿನ ಒಂದು ತುದಿಯಲ್ಲಿ ತುಂಬೆ ಮಾತ್ರ ಬೆಳೆದಿದೆ. ರಸ್ತೆ ಕಡೆಯ ತುದಿಯಲ್ಲಿ ಅದನ್ನು ಕಾಂಗ್ರೆಸ್ ಗಿಡ ಸುತ್ತುವರಿದಿದೆ, ಪಕ್ಕದಲ್ಲೇ ತೊಗರಿಯೂ ಹೂ ತುಂಬಿ ನಿಂತಿದೆ. ತುಂಬೆಯ ಒಂದು ಹೂವಿನಲ್ಲಿ ಮುಂದೆ ಕಾಳಾಗುವ ಅಂಡಕಗಳು ನಾಲ್ಕೇ ಇರುವುದರಿಂದ ಲೆಕ್ಕ ಸುಲಭ. ಒಣಗಿದ ಪುಷ್ಪಪಾತ್ರೆಯನ್ನು (ಹೂವಿನ ಬುಡದ ಬಟ್ಟಲು) ಬೆರಳುಗಳ ನಡುವೆ ಹಿಸುಕಿ ಬಿಳಿ ಕಾಗದದ ಮೇಲೆ ತಟ್ಟಿದರೆ ಕಂದು ಕಾಳುಗಳು ಉದುರುತ್ತವೆ. ಮೊದಲ ತುದಿಯಲ್ಲಿ ಬಹಳಷ್ಟು ಸಲ ನಾಲ್ಕೂ ಸಿಗುತ್ತವೆ. ರಸ್ತೆ ಕಡೆ ಒಂದೋ ಎರಡೋ. ಜೇನು ಎರಡೂ ಕಡೆ ಧಾರಾಳವಾಗಿ ಬರುತ್ತಿರುವಾಗ ಈ ವ್ಯತ್ಯಾಸ ಏಕೆ?

ಉತ್ತರ 1: ಸಸ್ಯಶಾಸ್ತ್ರ ಉಪನ್ಯಾಸಕಿ, ಬೀದರ್

ಗುರುಗಳೇ, ಜೇನು ಎಷ್ಟು ಬಂತು ಎನ್ನುವುದಕ್ಕಿಂತ ಅದು ಯಾವ ಹೂವಿನ ಪರಾಗ ಹೊತ್ತು ತಂದಿತು ಎನ್ನುವುದು ಮುಖ್ಯ. ಒಂದೇ ಕಾಲಕ್ಕೆ ಅರಳುವ ಎರಡು ಜಾತಿಯ ಗಿಡಗಳಿಗೆ ಅದೇ ಕೀಟಗಳು ಬಂದರೆ, ತುಂಬೆಯ ಪರಾಗ ಪರರ ಹೂವಿನಲ್ಲಿ ಉಳಿದು ವ್ಯರ್ಥವಾಗುತ್ತದೆ, ಪರರ ಪರಾಗ ತುಂಬೆಯ ಶಲಾಕಾಗ್ರದ (ಹೂವಿನಲ್ಲಿ ಪರಾಗ ಹಿಡಿಯುವ ತುದಿ) ಮೇಲೆ ಕುಳಿತು ಜಾಗ ಕಟ್ಟುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ನಿಕೊಲಾಸ್ ವೇಸರ್ ಅವರು ಡೆಲ್ಫಿನಿಯಂ ಮತ್ತು ಇಪೊಮಾಪ್ಸಿಸ್ ಎಂಬ ಎರಡು ಕಾಡುಹೂಗಳಲ್ಲಿ ಇದನ್ನೇ ಕಂಡು 1978ರಲ್ಲಿ ಪ್ರಕಟಿಸಿದರು. ಎರಡಕ್ಕೂ ಪರಾಗ ಸಾಗಿಸುವುದು ಹಮ್ಮಿಂಗ್ ಬರ್ಡ್. ಎರಡೂ ಒಟ್ಟಿಗೆ ಅರಳಿದ ದಿನಗಳಲ್ಲಿ ಎರಡರ ಬೀಜವೂ ಇಳಿಯುತ್ತಿತ್ತು.

ಒಂದೇ ಜಾತಿಯ ಪರಾಗಕಣಗಳ ನಡುವಿನ ಪೈಪೋಟಿ ಬೇರೆ ವಿಷಯ. ಅಂಡಕಗಳಿಗಿಂತ ಹೆಚ್ಚು ಕಣಗಳು ಬಿದ್ದಾಗ, ಯಾವುದರ ಪರಾಗನಾಳ (ಕಣದಿಂದ ಹೊರಡುವ ಸಣ್ಣ ಕೊಳವೆ) ಶಲಾಕಾಗ್ರದ ಕೆಳಗಿನ ಕಡ್ಡಿಯಾದ ಶಲಾಕೆಯೊಳಗೆ ಬೇಗ ಇಳಿಯುತ್ತದೆಯೋ ಅದಕ್ಕೆ ಅಂಡಕ ದಕ್ಕುತ್ತದೆ. ಅದರಿಂದ ಕಾಳಿನ ತಂದೆ ಯಾರೆಂಬುದು ನಿರ್ಧಾರವಾಗುತ್ತದೆಯೇ ಹೊರತು ಕಾಳಿನ ಸಂಖ್ಯೆ ಕುಸಿಯಬೇಕಾಗಿಲ್ಲ.

ಉತ್ತರ 2: ಜೇನು ಸಾಕುವವರು, ಯಾದಗಿರಿ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ತೊಗರಿಯ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ತುಂಬೆಯ ಪರಾಗ ಹೊರುವ ಕೇಸರಗಳೂ ಶಲಾಕಾಗ್ರವೂ ಹೂವಿನ ಮೇಲ್ದುಟಿಯ ಕೆಳಗೆ ಅಡಗಿರುವುದರಿಂದ ಅದರ ಪರಾಗ ಜೇನಿನ ತಲೆ, ಬೆನ್ನಿಗೆ ಹತ್ತುತ್ತದೆ. ತೊಗರಿಯದು ಹೊಟ್ಟೆಯ ಭಾಗಕ್ಕೆ. ಹೀಗೆ ಜಾಗ ಬೇರೆಯಾದಾಗ ಬೆರಕೆ ಕಡಿಮೆ. ಮೇಲಾಗಿ ಜೇನುಹುಳು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಂಡು ಹೋಗುತ್ತದೆ. ನನ್ನ ಅನುಮಾನ ಕಾಂಗ್ರೆಸ್ ಗಿಡದ ಮೇಲೆ. ಅದರ ಪರಾಗ ಗುಂಪುಗುಂಪಾಗಿ ಗಾಳಿಯಲ್ಲೂ ಹಾರುತ್ತದೆ. ಅದು ಶಲಾಕಾಗ್ರದ ಮೇಲೆ ಬಿದ್ದರೆ ಕಾಯಿ ಕಟ್ಟುವುದು ಕುಗ್ಗುತ್ತದೆ ಎಂದು ಬೆಂಗಳೂರಿನ ಇಬ್ಬರು ಸಸ್ಯವಿಜ್ಞಾನಿಗಳು 1980ರಲ್ಲೇ ತೋರಿಸಿದ್ದಾರೆ.

ಉತ್ತರ 3: ಬೀದರಿನ ಉಪನ್ಯಾಸಕಿ, ಮತ್ತೊಮ್ಮೆ

ಜೇನಿನ ಮೈಮೇಲಿನ ಜಾಗದ ಮಾತು ಸರಿಯಾಗಿದೆ. ಅದನ್ನು ನಾನು ಮೊದಲೇ ಹೇಳಬೇಕಿತ್ತು. ಆದರೆ ರಸ್ತೆ ಬದಿಯ ಮಣ್ಣು ಗಟ್ಟಿಯಾಗಿ ನೀರು ಹಿಡಿಯದಿದ್ದರೂ ಕಾಳು ಇಳಿಯುತ್ತದೆ, ಆದ್ದರಿಂದ ಪರೀಕ್ಷೆ ಮಾಡದೆ ತೀರ್ಮಾನಿಸಬೇಡಿ. ರಸ್ತೆ ಕಡೆಯ ಕೆಲವು ಮೊಗ್ಗುಗಳಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ಅರಳಿದಾಗ ಬಿಚ್ಚಿ, ದೂರದ ತುಂಬೆಯ ಪರಾಗವನ್ನು ಸಣ್ಣ ಕುಂಚದಿಂದ ಸವರಿ ಮತ್ತೆ ಕಟ್ಟಿರಿ. ಇನ್ನು ಕೆಲವಕ್ಕೆ ತುಂಬೆ ಮತ್ತು ಕಾಂಗ್ರೆಸ್ ಗಿಡದ ಪರಾಗ ಬೆರೆಸಿ ಸವರಿರಿ. ಅವುಗಳ ಪಕ್ಕದ ಹೂಗಳಲ್ಲಿ ಕೆಲವನ್ನು ಗುರುತು ಹಾಕಿ ಹಾಗೆಯೇ ಬಿಡಿ. ತುಂಬೆಯ ಶುದ್ಧ ಪರಾಗ ಸವರಿದವುಗಳಲ್ಲಿ ನಾಲ್ಕು ಕಾಳು ತುಂಬಿದರೆ ಕೊರತೆ ಪರಾಗದ್ದು. ಅಲ್ಲಿಯೂ ತುಂಬದಿದ್ದರೆ ನೀರು, ಗೊಬ್ಬರದತ್ತ ನೋಡಬೇಕು. ಕಾಳು ಉದುರಿಹೋದ ಪುಷ್ಪಪಾತ್ರೆಗಳನ್ನು ಎಣಿಕೆಗೆ ಸೇರಿಸಬೇಡಿ. ಕಾಂಗ್ರೆಸ್ ಗಿಡದ ಪರಾಗದಿಂದ ಅನೇಕರಿಗೆ ಅಲರ್ಜಿಯಾಗುತ್ತದೆ. ಮಕ್ಕಳ ಕೈಗೆ ಕೊಡದೆ ನೀವೇ ಮಾಸ್ಕ್ ಹಾಕಿಕೊಂಡು ಮಾಡಿ.

ಪ್ರಶ್ನೆ ಕೇಳಿದವರು:

ಮೇಡಂ, ಅಣ್ಣಾವ್ರೇ, ಇಬ್ಬರಿಗೂ ಧನ್ಯವಾದಗಳು. ಉದುರಿದ ಪಾತ್ರೆಗಳನ್ನು ನಾನು ಬೇರ್ಪಡಿಸಿರಲಿಲ್ಲ. ಮೊದಲು ಆ ಎಣಿಕೆಯನ್ನು ಹೊಸದಾಗಿ ಮಾಡುತ್ತೇನೆ. ರಸ್ತೆ ಕಡೆ ಇನ್ನೂ ಮೊಗ್ಗು ಇವೆ, ಭಾನುವಾರ ಪರದೆ ಕಟ್ಟುತ್ತೇನೆ.