ಕಂಪನಿ, ಸರ್ಕಾರಿ ಇಲಾಖೆಗಳ ಪರ ವಕೀಲಿಕೆ: ಕೊಡಗಿನಲ್ಲಿದ್ದೇ ಮಾಡಬಹುದೇ?

ಕೇಳಿದವರು, ವಿರಾಜಪೇಟೆ:
ಹಿರಿಯರಿಗೆ ನಮಸ್ಕಾರ. ಎಲ್‌ಎಲ್‌ಬಿ ಮುಗಿದು ವಕೀಲಿಕೆಯ ಸನ್ನದು ಬಂದಿದೆ, ಅಖಿಲ ಭಾರತ ವಕೀಲರ ಪರೀಕ್ಷೆಯೂ ಪಾಸಾಗಿದೆ. ವಿಮಾ ಕಂಪನಿ, ಬ್ಯಾಂಕು, ಎಸ್ಟೇಟು, ಸರ್ಕಾರಿ ಇಲಾಖೆ ಇವುಗಳ ಮೇಲೆ ದಾವೆ ಬಿದ್ದಾಗ ಪ್ರತಿವಾದಿಯ ಪರ ವಿಚಾರಣೆ ನಡೆಸುವ ಆಸೆ ನನ್ನದು. ಮನೆಯಲ್ಲಿ ಬೆಂಗಳೂರಿಗೆ ಹೋಗು ಎನ್ನುತ್ತಾರೆ. ಇಲ್ಲೇ ಉಳಿದರೆ ಆಗದೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ, ಹಿಂದೆ ಸರ್ಕಾರಿ ವಕೀಲರಾಗಿದ್ದವರು:
ಮೊದಲು ಒಂದು ಗೊಂದಲ ಬಿಡಿಸುತ್ತೇನೆ ತಂಗಿ. ಪರೀಕ್ಷೆ ಬರೆದು ಸಹಾಯಕ ಸರ್ಕಾರಿ ಅಭಿಯೋಜಕರಾಗುವುದು ಬೇರೆ. ಅದು ಕ್ರಿಮಿನಲ್ ಕಡೆಯ ಸಂಬಳದ ನೌಕರಿ. ಸಿವಿಲ್ ದಾವೆಯಲ್ಲಿ ಕಂದಾಯ, ಅರಣ್ಯ, ಲೋಕೋಪಯೋಗಿ ಇಲಾಖೆಗಳ ಪರ ನಿಲ್ಲುವವರು ಜಿಲ್ಲಾ ಸರ್ಕಾರಿ ವಕೀಲರು. ಅವರನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರ ಬದಲಾದರೆ ಅವರೂ ಬದಲಾಗುವುದುಂಟು. ಸನ್ನದು ಬಂದ ಮರುವರ್ಷವೇ ಸಿಗುವ ಕುರ್ಚಿಯಲ್ಲ.

ಈ ಕೆಲಸದಲ್ಲಿ ಕಕ್ಷಿದಾರ ಎಂದರೆ ಒಂದು ಕಚೇರಿ. ದಾವೆ ಹೂಡಿದಾಗ ಇದ್ದ ತಹಶೀಲ್ದಾರರು ಸಾಕ್ಷ್ಯದ ಹಂತಕ್ಕೆ ಬರುವಾಗ ಎಲ್ಲಿಗೋ ವರ್ಗವಾಗಿರುತ್ತಾರೆ. ಅವರ ಜಾಗಕ್ಕೆ ಬಂದವರು ಸಾಕ್ಷಿಕಟ್ಟೆ ಹತ್ತುತ್ತಾರೆ. ಎದುರು ವಕೀಲರ ಮೊದಲ ಪ್ರಶ್ನೆ, ‘ಜಾಗ ನೋಡಿದ್ದೀರಾ?’ ‘ಇಲ್ಲ, ಕಡತದಂತೆ ಹೇಳುತ್ತಿದ್ದೇನೆ.’ ‘ಪೈಸಾರಿಯ (ಸರ್ಕಾರಿ ಪಾಳು ಜಾಗದ) ಉತ್ತರಕ್ಕೆ ಇರುವುದು ತೋಡೋ (ಹಳ್ಳವೋ) ರಸ್ತೆಯೋ?’ ಸಾಕ್ಷಿ ನಿಮ್ಮ ಮುಖ ನೋಡುತ್ತಾರೆ, ನ್ಯಾಯಾಧೀಶರೂ ನೋಡುತ್ತಾರೆ. ಆದ್ದರಿಂದ ಸಾಕ್ಷಿಯನ್ನು ಮುಂಚೆಯೇ ಸರ್ವೆ ನಕ್ಷೆಯೊಂದಿಗೆ ಜಾಗಕ್ಕೆ ಕರೆದೊಯ್ಯಿರಿ, ಜೊತೆಗೆ ನೀವೂ ಹೋಗಿ. ಮಳೆಗಾಲವಾದರೆ ಜಿಗಣೆ ಹತ್ತುತ್ತದೆ, ಹತ್ತಲಿ.

ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ಪ್ರತಿವಾದಿ ಬರೆದು ಕೊಡುವ ಉತ್ತರಕ್ಕೆ, ಮೂವತ್ತು ದಿನ, ಹೆಚ್ಚೆಂದರೆ ತೊಂಬತ್ತು. ಇಲಾಖೆಯಿಂದ ಪ್ಯಾರಾವಾರು ಉತ್ತರ ಬರುವಷ್ಟರಲ್ಲಿ ಅದರಲ್ಲಿ ಬಹುಪಾಲು ಕಳೆದಿರುತ್ತದೆ. ಆಗ ಅವಸರದಲ್ಲಿ ‘ವಾದಿಯೇ ರುಜುವಾತು ಮಾಡಲಿ’ ಎಂದು ಎಲ್ಲದಕ್ಕೂ ಒಂದೇ ಸಾಲು ಬರೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ನಿರ್ದಿಷ್ಟವಾಗಿ ನಿರಾಕರಿಸದ ಮಾತನ್ನು ಒಪ್ಪಿದಂತೆ ಎಂದು ನ್ಯಾಯಾಲಯ ಹಿಡಿಯಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಟ್ಟಿಲ್ಲ ಎಂಬ ತಕರಾರನ್ನೇ ನಂಬಿ ಕೂರಬೇಡಿ. ತುರ್ತು ಪರಿಹಾರ ಬೇಕಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹೂಡಬಹುದು. ತಕರಾರು ಗೆದ್ದರೂ ವಾದಿ ನೋಟಿಸು ಕೊಟ್ಟು ಮತ್ತೆ ಬರುತ್ತಾನೆ, ಅಷ್ಟೇ.

ಇನ್ನೊಂದು ಮಾತು ಕೊಡಗಿಗೇ ಸೇರಿದ್ದು. ಇಲ್ಲಿನ ಭೂಮಿ ವ್ಯಾಜ್ಯದಲ್ಲಿ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ), ಬಾಣೆ (ಗದ್ದೆಗೆ ಸೇರಿದ ಮರಗಾಡು ಜಾಗ), ಪೈಸಾರಿ, ದೇವರಕಾಡು ಎಂದು ಬಂದಲ್ಲೆಲ್ಲ ಸರ್ಕಾರ ಎದುರು ಪಕ್ಷವಾಗುವುದೇ ಹೆಚ್ಚು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನಿಂದ ಹಿಡಿದು ಬಾಣೆಯ ಕುರಿತ 2011ರ ತಿದ್ದುಪಡಿಯವರೆಗೆ ಓದಿರಬೇಕು. ಆದರೆ ಸರ್ಕಾರದ ವಕಾಲತ್ತು ಹಿಡಿದ ಮೇಲೆ ಸರ್ಕಾರದ ವಿರುದ್ಧ ನಿಲ್ಲುವಂತಿಲ್ಲ. ಊರಿನ ವಕೀಲರಿಗೆ ಅನ್ನ ಹಾಕುವ ಅಂಥ ಕೇಸುಗಳೆಲ್ಲ ಕೈತಪ್ಪುತ್ತವೆ. ಸರ್ಕಾರದ ಶುಲ್ಕವೋ, ಬಿಲ್ಲು ಹಾಕಿ ಮರೆತುಬಿಡಬೇಕು!

ಸೋಮವಾರಪೇಟೆಯಿಂದ, ವಿಮಾ ಕಂಪನಿಗಳ ಪ್ಯಾನೆಲ್ (ಕಂಪನಿ ತನ್ನ ಕೇಸು ವಹಿಸುವ ವಕೀಲರ ಪಟ್ಟಿ) ವಕೀಲೆ:
ಹಿರಿಯರು ಸರ್ಕಾರದ ಕಡೆ ಹೇಳಿದರು, ನಾನು ಅಪಘಾತ ಪರಿಹಾರದ ಕೇಸುಗಳ ಬಗ್ಗೆ ಹೇಳುತ್ತೇನೆ. ಕಾಫಿ ಕೊಯ್ಲಿನ ಕಾಲದಲ್ಲಿ ಪಿಕ್‌ಅಪ್ ಗಾಡಿಯ ಹಿಂಬದಿಯಲ್ಲಿ ಕಾರ್ಮಿಕರನ್ನು ತುಂಬಿಕೊಂಡು ಹೋಗುವುದನ್ನು ನೀವೂ ನೋಡಿದ್ದೀರಿ. ಅದು ಮಗುಚಿದರೆ ವಿಮಾ ಕಂಪನಿಯ ವಾದ ಇಷ್ಟೇ: ಅದು ಸರಕು ವಾಹನ, ಅದರಲ್ಲಿ ಸುಮ್ಮನೆ ಪಯಣಿಸಿದವರಿಗೆ ಪಾಲಿಸಿ ಅನ್ವಯಿಸುವುದಿಲ್ಲ. ಸರಕಿನ ಮಾಲೀಕನೋ ಅವನ ಪ್ರತಿನಿಧಿಯೋ ಸರಕಿನೊಂದಿಗೆ ಇದ್ದರೆ ಮಾತು ಬೇರೆ. ಹಾಗಾಗಿ ಇಡೀ ಕೇಸು ‘ಗಾಡಿಯಲ್ಲಿ ಏನಿತ್ತು?’ ಎಂಬುದರ ಮೇಲೆ ನಿಲ್ಲುತ್ತದೆ. ಅರ್ಜಿಯಲ್ಲಿ ಗೊಬ್ಬರದ ಚೀಲ ಇತ್ತು ಎಂದಿರುತ್ತದೆ, ಪೊಲೀಸರ ಸ್ಥಳ ಮಹಜರಿನಲ್ಲಿ ಚೀಲದ ಸುದ್ದಿಯೇ ಇರುವುದಿಲ್ಲ. ಪಾಟೀಸವಾಲಿನಲ್ಲಿ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ) ಮಹಜರು ಸರಿಯಾಗಿದೆ ಎಂದು ಸಾಕ್ಷಿಯಿಂದ ಒಪ್ಪಿಸಿ ಕುಳಿತುಬಿಡಿ. ‘ಹಾಗಾದರೆ ಚೀಲ ಎಲ್ಲಿ ಹೋಯಿತು?’ ಎಂದು ಕೇಳಿದಿರೋ, ಮಳೆಗೆ ಕೊಚ್ಚಿಹೋಯಿತು ಎಂದು ಅವನೇ ದಾರಿ ಮಾಡಿಕೊಳ್ಳುತ್ತಾನೆ.

ಗೆದ್ದ ಸಂಜೆ ಮನಸ್ಸು ಹಗುರವಾಗಿರುತ್ತದೆ ಎಂದುಕೊಳ್ಳಬೇಡಿ. ಗಾಡಿಯ ಮಾಲೀಕನ ಕೈ ಬರಿದು, ಸತ್ತವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಎಷ್ಟೋ ಸಲ ನ್ಯಾಯಾಲಯವೇ ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎನ್ನುತ್ತದೆ. ನನಗಂತೂ ಅದು ಸರಿ ಎನಿಸುತ್ತದೆ, ಕಂಪನಿಯವರ ಮುಂದೆ ಹೇಳುವುದಿಲ್ಲ. ರಾಜಿಯಾಗುವ ಕೇಸನ್ನು ಲೋಕ ಅದಾಲತ್ತಿಗೆ ಒಯ್ಯುವಂತೆ ಕಂಪನಿಯನ್ನು ಒಪ್ಪಿಸುವುದೂ ಈ ಕೆಲಸದ ಭಾಗವೇ.

ಕಂದಾಯ ಇಲಾಖೆಯ ನಿವೃತ್ತ ಶಿರಸ್ತೇದಾರರು, ಕುಶಾಲನಗರ:
ಕಕ್ಷಿದಾರರ ಕಡೆಯಿಂದ ಒಂದು ಮಾತು. ವಕೀಲರು ಪತ್ರ ಬರೆದು ಸುಮ್ಮನಾದರೆ ಅದು ಕಡತದೊಳಗೆ ಇನ್ನೊಂದು ಹಾಳೆ. ಎದ್ದು ಬಂದು ವಿಷಯ ನಿರ್ವಾಹಕರ ಮೇಜಿನ ಪಕ್ಕ ಕೂತವರಿಗೆ ಹಳೆಯ ಟಿಪ್ಪಣಿ, ಷರಾ ಎಲ್ಲವೂ ಸಿಗುತ್ತದೆ. ನಮ್ಮ ಕಡತದಲ್ಲಿ ನಮಗೇ ವಿರುದ್ಧವಾದ ಷರಾ ಇದ್ದರೆ ಅದನ್ನು ಮೊದಲೇ ನೋಡಿಟ್ಟುಕೊಳ್ಳಿ, ಎದುರಿನವರು ಮಾಹಿತಿ ಹಕ್ಕಿನಲ್ಲಿ ಅದನ್ನು ಆಗಲೇ ಪಡೆದಿರುತ್ತಾರೆ.

ಪೊನ್ನಂಪೇಟೆಯವನು, ಈಗ ಬೆಂಗಳೂರಿನಲ್ಲಿ:
ದೊಡ್ಡ ಕಂಪನಿಗಳ ವಾಣಿಜ್ಯ ದಾವೆಗಳೇ ಬೇಕೆಂದಿದ್ದರೆ ಬೆಂಗಳೂರು ತಪ್ಪದು. ಆ ದಾವೆಗಳಲ್ಲಿ ಗಡುವೂ ಬಿಗಿ, ಲಿಖಿತ ಹೇಳಿಕೆಗೆ 120 ದಿನ ದಾಟಿತೋ ಹಕ್ಕೇ ಹೋಯಿತು. ಆದರೆ ಇಲ್ಲಿ ಬೆಂಗಳೂರಿನಲ್ಲಿ ಕಿರಿಯರ ಪಾಲಿಗೆ ಬರುವುದು ವಾಯಿದೆ ಕೇಳುವುದು, ಕಡತ ಹೊರುವುದು. ಸಾಕ್ಷಿಯನ್ನು ಪ್ರಶ್ನಿಸುವ ಅವಕಾಶ ಊರಿನ ನ್ಯಾಯಾಲಯದಲ್ಲೇ ಬೇಗ ಸಿಗುತ್ತದೆ. ಅದನ್ನು ಕಲಿತು ಬನ್ನಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪ್ಯಾನೆಲ್‌ಗೆ ಸೇರುವುದು ಹೇಗೆ ಅಕ್ಕ?

ಸೋಮವಾರಪೇಟೆಯಿಂದ:
ಕಂಪನಿಗಳೂ ಬ್ಯಾಂಕುಗಳೂ ಅರ್ಜಿ ಕರೆಯುತ್ತವೆ, ಸಾಮಾನ್ಯವಾಗಿ ಇಷ್ಟು ವರ್ಷದ ಅನುಭವ ಎಂದು ಕೇಳುತ್ತವೆ. ಅಲ್ಲಿಯವರೆಗೆ ಪ್ಯಾನೆಲ್‌ನಲ್ಲಿರುವ ಹಿರಿಯರ ಕಚೇರಿ ಸೇರಿ, ಅರ್ಜಿದಾರರ ಪರ ಕೇಸುಗಳನ್ನೂ ನಡೆಸುವವರಾದರೆ ಇನ್ನೂ ಒಳ್ಳೆಯದು. ಒಂದೇ ಕೇಸಿನಲ್ಲಿ ಎರಡೂ ಕಡೆ ಬಾರದಂತೆ ಹೆಸರುಗಳ ಪಟ್ಟಿ ಇಟ್ಟುಕೊಳ್ಳಿ. ನಮ್ಮ ಊರಿನಲ್ಲಿ ಒಂದೇ ಒಕ್ಕದವರು (ಮನೆತನದವರು) ಅರ್ಜಿದಾರರೂ ಆಗಿರುತ್ತಾರೆ, ಗಾಡಿಯ ಮಾಲೀಕರೂ ಆಗಿರುತ್ತಾರೆ.