ಪಕ್ಕದ ತೋಟದವರ ಕಾಫಿಪುಡಿಗೆ ಬೆಲೆ ಕಾಣುತ್ತದೆ, ನಮ್ಮದಕ್ಕೆ ಏಕಿಲ್ಲ?

ಪ್ರಶ್ನೆ, ಸೋಮವಾರಪೇಟೆಯಿಂದ:
ನಮ್ಮ ತೋಟದ ಕಾಫಿಪುಡಿಯನ್ನು ಸ್ವಂತ ಜಾಲತಾಣದಲ್ಲಿ ಮಾರುತ್ತೇವೆ. ಗೂಗಲ್‌ನಲ್ಲಿ ಹುಡುಕಿದರೆ ಪಕ್ಕದ ತೋಟದವರ ಹೆಸರಿನ ಕೆಳಗೆ ಬೆಲೆ, ಗ್ರಾಹಕರು ಕೊಟ್ಟ ನಕ್ಷತ್ರ ಎಲ್ಲವೂ ಬರುತ್ತದೆ. ನಮ್ಮದಕ್ಕೆ ಎರಡು ಸಾಲು ವಿವರಣೆ ಮಾತ್ರ. ಮಾಡಿ ನೋಡಿದವರು ಅನುಭವ ತಿಳಿಸಿ.

ವಿರಾಜಪೇಟೆಯಿಂದ:
ಅವರು ಪುಟದೊಳಗೆ ಸ್ಟ್ರಕ್ಚರ್ಡ್ ಡೇಟಾ ಸೇರಿಸಿದ್ದಾರೆ. ‘ಇದು ಹೆಸರು, ಇದು ಬೆಲೆ’ ಎಂದು ಯಂತ್ರಕ್ಕೆ ತಿಳಿಯುವಂತೆ ಚೀಟಿ ಅಂಟಿಸುವ ಕೆಲಸ. ಅದರ ಪದಗಳೆಲ್ಲ 2011ರಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ತಂದ ಪದಪಟ್ಟಿ ಸ್ಕೀಮಾ ಡಾಟ್ ಆರ್ಗ್‌ನವು. ನಾನು ಬೆಲೆಯ ಜಾಗದಲ್ಲಿ ಬಿಲ್ ಪುಸ್ತಕದ ಅಭ್ಯಾಸದಂತೆ ‘ರೂ. 340/-’ ಎಂದು ಬರೆದಿದ್ದೆ. ಗೂಗಲ್‌ನದೇ ಪರೀಕ್ಷಾ ಪುಟವಾದ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಹಾಕಿ ನೋಡಿದರೆ ದೋಷ! ಅಲ್ಲಿ ಬರೀ 340 ಇರಬೇಕು. ಕರೆನ್ಸಿಗೆ ಬೇರೆ ಜಾಗವಿದೆ, ಅಲ್ಲಿ ರೂಪಾಯಿಯ ಸಂಕೇತವಾದ ಐಎನ್‌ಆರ್.

ದೊಡ್ಡ ಎಡವಟ್ಟು ಆಮೇಲಿನದು. 2024ರಲ್ಲಿ ರೊಬಸ್ಟಾ ದರ ಏರಿದಾಗ ಪುಟದಲ್ಲಿ 420 ಎಂದು ತಿದ್ದಿದೆ, ಕೋಡ್‌ನಲ್ಲಿ 340 ಹಾಗೆಯೇ ಉಳಿಯಿತು. ಹುಡುಕಾಟದಲ್ಲಿ ಹಳೆಯ ಬೆಲೆ ನೋಡಿ ಬಂದ ಬೆಂಗಳೂರಿನ ಗ್ರಾಹಕರೊಬ್ಬರು ಫೋನ್ ಮಾಡಿ, ‘ಕರೆಯುವುದು ಒಂದು ದರಕ್ಕೆ, ಕೊಡುವುದು ಇನ್ನೊಂದಕ್ಕೆ’ ಎಂದು ಬೈದರು. ನ್ಯಾಯವಾದ ಬೈಗುಳ. ಎರಡೂ ಒಂದೇ ಇರಬೇಕೆಂಬುದು ಗೂಗಲ್‌ನ ನಿಯಮವೂ ಹೌದು. ಎಲ್ಲ ಸರಿಯಿದ್ದರೂ ತೋರಿಸಿಯೇ ತೋರಿಸುತ್ತಾರೆಂಬ ಖಾತರಿಯಿಲ್ಲ.

ಮಡಿಕೇರಿಯಿಂದ:
ನಮ್ಮದು ಹೋಂಸ್ಟೇ. ನಮ್ಮ ಬಗೆಗಿನ ವಿಮರ್ಶೆಗಳನ್ನು ನಮ್ಮದೇ ಪುಟದಲ್ಲಿ ಹಾಕಿ ನಕ್ಷತ್ರಕ್ಕೆ ಕಾದದ್ದೇ ಬಂತು. ಇಂಥ ನಕ್ಷತ್ರಗಳನ್ನು ಗೂಗಲ್ 2019ರಲ್ಲೇ ನಿಲ್ಲಿಸಿದೆ. ಕಾಫಿಪುಡಿಯಂಥ ಉತ್ಪನ್ನಕ್ಕೆ ಆ ತಡೆಯಿಲ್ಲ. ಹಾಗೆಂದು ನೆಂಟರಿಂದ ಬರೆಸಬೇಡಿ.

ಗೋಣಿಕೊಪ್ಪಲಿನಿಂದ:
ಬೆಲೆ ಕಂಡ ಮಾತ್ರಕ್ಕೆ ಹೋಲಿಕೆ ಆಗುವುದಿಲ್ಲ. ನನ್ನದು 250 ಗ್ರಾಂ, ಚಿಕೋರಿ ಇಲ್ಲದ್ದು. ಪಕ್ಕದಲ್ಲಿ ಕಾಣುವುದು ಚಿಕೋರಿ ಬೆರೆಸಿದ್ದು. ಕಾಫಿ ಶೇ 51 ಇದ್ದರೂ ಕಾನೂನಿಗೆ ಸಾಕು. ಬೆಲೆಯಷ್ಟೇ ನೋಡುವವರಿಗೆ ನಾನೇ ದುಬಾರಿ. ಅದಕ್ಕೇ ಉತ್ಪನ್ನದ ಹೆಸರಿನಲ್ಲೇ ‘ಚಿಕೋರಿ ಇಲ್ಲ, 250 ಗ್ರಾಂ’ ಎಂದು ಸೇರಿಸಿದೆ. ‘ಪರಿಮಳಭರಿತ’, ‘ಅಪ್ಪಟ ಕೊಡಗಿನ’ ಎಂಬುದನ್ನೆಲ್ಲ ಕಿತ್ತುಹಾಕಿದೆ. ಈಗ ‘ಇಷ್ಟೇಕೆ ಬೆಲೆ’ ಎಂಬ ಕರೆಗಳು ಅಪರೂಪ.

ಪ್ರಶ್ನೆ ಕೇಳಿದವರು:
ಈಗ ತೆಗೆದು ನೋಡಿದೆ. ಜಾಲತಾಣ ಮಾಡಿಕೊಟ್ಟ ಹುಡುಗ ಕೋಡ್ ಹಾಕಿಯೇ ಇದ್ದಾನೆ, ಬೆಲೆಯಲ್ಲಿ ‘ರೂ.’ ಕೂಡ ಇದೆ, ‘/-’ ಕೂಡ ಇದೆ. ಮಳೆಗೆ ಕರೆಂಟ್ ಹೋಗಿದೆ, ಬಂದ ಕೂಡಲೇ ತಿದ್ದುತ್ತೇನೆ.